ಸೇರಿ ಹದಿನೈದು ದಿನ ಆಗಿಲ್ಲ, ಕೆಲಸ ಬಿಡಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಎಚ್‌ಆರ್ ಕೆಲಸ ಮಾಡಿದ್ದೇನೆ. ಹೊಸಬರ ಕೈಗೆ ನೇಮಕದ ಪತ್ರ ಕೊಟ್ಟವಳೂ ನಾನೇ, ಅವರ ರಾಜೀನಾಮೆ ತೆಗೆದುಕೊಂಡವಳೂ ನಾನೇ. ಈಗ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ವಾಟ್ಸಾಪಿನಲ್ಲಿ ಹುಡುಗ ಹುಡುಗಿಯರು ಕೇಳೋದು ಒಂದೇ: "ಅಕ್ಕಾ, ಮೊನ್ನೆ ಸೇರೀನಿ, ಬಿಡಬೇಕಂತ ಮಾಡೀನಿ. ಹೆಂಗ ಹೇಳ್ಲಿ?" ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಬಳ್ಳಾರಿಯ ಜೀನ್ಸ್ ಘಟಕ, ಗಂಗಾವತಿಯ ಅಕ್ಕಿ ಗಿರಣಿ, ರಾಯಚೂರಿನ ಜಿನ್ನಿಂಗ್ ಮಿಲ್ಲು, ಖಾಸಗಿ ಶಾಲೆ, ಎಲ್ಲೇ ಇರಲಿ, ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅವರು ಕೇಳಿದ ಮಾತಲ್ಲೇ ಇಲ್ಲಿ ಬರೆದಿದ್ದೇನೆ.

## ಮೊದಲಿಗೆ

ಸೇರಿ ಹತ್ತು ದಿನಕ್ಕೇ ಬಿಟ್ಟರೆ ತಪ್ಪಲ್ವಾ?

ತಪ್ಪಲ್ಲ. ಪ್ರೊಬೇಷನ್ ಅಂತ ಇಡೋದೇ ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಲಿ ಅಂತ. ನೀವು ಹೊಂದಲಿಲ್ಲ ಅಂದರೆ ಅವರು ಬಿಡಿಸುತ್ತಾರೆ, ಕೆಲಸ ಹೊಂದಲಿಲ್ಲ ಅಂದರೆ ನೀವು ಬಿಡುತ್ತೀರಿ. ಒಂದು ವರ್ಷ ಒದ್ದಾಡಿ, ಎಲ್ಲರಿಗೂ ಕೆಲಸ ಕೆಡಿಸಿ ಆಮೇಲೆ ಹೋಗೋದಕ್ಕಿಂತ ಬೇಗ ಹೇಳಿ ಹೋಗೋದು ಕಂಪನಿಗೂ ಒಳ್ಳೆಯದು. ಅವರ ಹಳೆ ಅರ್ಜಿಗಳಲ್ಲಿ ಎರಡನೇ ಹೆಸರು ಇನ್ನೂ ಸಿಗುವ ಹೊತ್ತು ಅದು.

ಬೇಜಾರಾಗಿದೆ ನಿಜ. ಆದರೆ ಬಿಡಬೇಕೋ, ಸುಮ್ನೆ ಇರಬೇಕೋ ಗೊತ್ತಾಗ್ತಿಲ್ಲ.

ದಿನ ಕಳೆದರೆ ಸರಿಹೋಗೋದು ಯಾವುದು, ಎಷ್ಟು ದಿನ ಕಳೆದರೂ ಸರಿಹೋಗದ್ದು ಯಾವುದು, ಇಷ್ಟು ಬೇರೆ ಮಾಡಿ ನೋಡಿ. ಸಿ ಶಿಫ್ಟಿನ (ರಾತ್ರಿ ಪಾಳಿಯ) ನಿದ್ದೆಗೇಡು, ಹೊಸ ಊರಿನ ಮೆಸ್ ಊಟ, ಯಾರೂ ಪರಿಚಯ ಇಲ್ಲದ ಬೇಸರ, ಇವು ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಇಳಿಯುತ್ತವೆ. ಹೇಳಿದ ಸಂಬಳ ಒಂದು, ಪತ್ರದಲ್ಲಿ ಬಂದದ್ದು ಇನ್ನೊಂದು. ಲೆಕ್ಕದ ಕೆಲಸ ಅಂತ ಕರೆದು ವಸೂಲಿಗೆ ಕಳಿಸೋದು. ಕುಲುಮೆಯ ಮುಂದೆ ಸರಿಯಾದ ಬೂಟು, ಕೈಗವಸು ಕೊಡದೆ ನಿಲ್ಲಿಸೋದು, ಇವು ತಾವಾಗಿ ಇಳಿಯೋದಿಲ್ಲ.

ಬಿಡುವ ಮೊದಲು ಒಂದು ಸಲ ಕೇಳಿ. ಕುಕನೂರು ಕಡೆಯ ಒಬ್ಬ ಹುಡುಗ ಎಂಟನೇ ದಿನಕ್ಕೆ ರಾಜೀನಾಮೆ ತಂದಿದ್ದ. ಕೇಳಿದರೆ, ರಾತ್ರಿ ಶಿಫ್ಟ್ ಮುಗಿದ ಮೇಲೆ ಊರಿಗೆ ಬಸ್ಸಿಲ್ಲ, ಅಷ್ಟೇ. ಶಿಫ್ಟ್ ಬದಲಿಸಿದೆವು. ಮೂರು ವರ್ಷ ಇದ್ದ.

ಹೇಳದೇ ಬಿಟ್ಟರೆ ಏನಾಗುತ್ತೆ? ಹೊಸಬ ತಾನೆ, ಯಾರು ಕೇಳ್ತಾರೆ?

ನನ್ನದೇ ಹೇಳುತ್ತೇನೆ. ಬಿ.ಕಾಂ. ಮುಗಿಸಿದ ವರ್ಷ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯಲು ಸೇರಿದ್ದೆ. ಕೆಲಸ ಹಿಡಿಸಲಿಲ್ಲ. ಹೇಳಲು ಧೈರ್ಯ ಬರಲಿಲ್ಲ. ಹತ್ತೊಂಬತ್ತನೇ ದಿನ, ಶುಕ್ರವಾರ ಸಂಜೆ ಊರಿನ ಬಸ್ಸು ಹತ್ತಿದವಳು ಮತ್ತೆ ಹೋಗಲಿಲ್ಲ. ಫೋನ್ ಎತ್ತಲಿಲ್ಲ. ಭಾನುವಾರ ಬ್ಯಾಗು ಕೊಡವಿದರೆ ಮೇಜಿನ ಖಾನೆಯ ಕೀಲಿ ಕೆಳಗೆ ಬಿತ್ತು. ಹಿತ್ತಾಳೆಯದು, ಕೆಂಪು ದಾರ ಕಟ್ಟಿದ್ದು.

ಶನಿವಾರ ಹಮಾಲರ ಬಟವಾಡೆ. ಯಾರು ಎಷ್ಟು ಚೀಲ ಹೊತ್ತರು ಅನ್ನೋ ಪಟ್ಟಿ ಆ ಖಾನೆಯಲ್ಲೇ ಇತ್ತು. ಕತ್ತಲಾಗುವ ತನಕ ಎಲ್ಲರೂ ಕಾದಿದ್ದಾರೆ. ಆಮೇಲೆ ಬಡಗಿ ಕರೆಸಿ ಖಾನೆ ಒಡೆಸಿದ್ದಾರೆ. ಸೋಮವಾರ ಅಪ್ಪ ತಾವೇ ಹೋಗಿ ಕೀಲಿ ಕೊಟ್ಟು ಬಂದರು. ಮಾಲೀಕರು ಅಪ್ಪನಿಗೆ ಚಹಾ ಕುಡಿಸಿ, "ಒಂದು ಮಾತು ಹೇಳಿದ್ರ ನಾನೇ ಬಸ್ ಹತ್ತಿಸಿ ಬರ್ತಿದ್ದೆನಲ್ರಿ" ಅಂದರಂತೆ. ಆ ಮಾತನ್ನು ಅಪ್ಪ ಮನೆಗೆ ಬಂದು ಹೇಳಿದ ರೀತಿ ನನಗೆ ಇವತ್ತಿಗೂ ಮರೆತಿಲ್ಲ.

ಹೊಸಬರ ಕೈಯಲ್ಲೂ ಏನಾದರೊಂದು ಇದ್ದೇ ಇರುತ್ತದೆ. ಒಂದು ಕೀಲಿ, ಒಂದು ಪಾಸ್‌ವರ್ಡ್, ಒಂದು ತರಗತಿಯ ಮಾರ್ಕ್ಸ್, ಒಬ್ಬ ಗಿರಾಕಿಗೆ ಕೊಟ್ಟ ಮಾತು. ಜೊತೆಗೆ ಕಂಪನಿಯ ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದೆ "ಅಬ್‌ಸ್ಕಾಂಡ್" (ಹೇಳದೆ ಓಡಿಹೋದವರು) ಅಂತ ಬೀಳುತ್ತದೆ. ನಮ್ಮ ಭಾಗದ ಕಾರ್ಖಾನೆಗಳ ಎಚ್‌ಆರ್‌ನವರು ಒಬ್ಬರಿಗೊಬ್ಬರು ಪರಿಚಯದವರೇ. ಮುಂದಿನ ಕಡೆಯವರು ಫೋನ್ ಮಾಡಿ ಕೇಳಿದಾಗ ಮೊದಲು ಓದಿ ಹೇಳೋದು ಆ ಒಂದು ಪದವನ್ನೇ.

## ಹೇಳುವುದು

ಯಾರಿಗೆ ಮೊದಲು ಹೇಳಬೇಕು? ಎಚ್‌ಆರ್‌ಗಾ, ಸೂಪರ್‌ವೈಸರ್‌ಗಾ?

ದಿನಾ ನಿಮಗೆ ಕೆಲಸ ಹೇಳುವವರಿಗೆ. ಎಚ್‌ಆರ್‌ಗೆ ಆಮೇಲೆ, ಅದೇ ದಿನ. ಪಕ್ಕದ ಮೇಜಿನ ಗೆಳೆಯನಿಗೆ ಮೊದಲು ಹೇಳಬೇಡಿ. ಮಧ್ಯಾಹ್ನ ಕ್ಯಾಂಟೀನಿಗೆ ಸುದ್ದಿ ಮುಟ್ಟಿರುತ್ತದೆ, ಸಂಜೆ ನೀವು ಹೇಳಲು ಹೋದಾಗ ಸಾಹೇಬರ ಮುಖ ಆಗಲೇ ಗಂಟಿಕ್ಕಿರುತ್ತದೆ.

ಎದುರಿಗೆ ನಿಂತರೆ ಬಾಯೇ ಬರಲ್ಲ. ಏನಂತ ಹೇಳಲಿ?

ಶಿಫ್ಟ್ ಬದಲಾಗುವ ಗದ್ದಲದಲ್ಲಿ, ತಿಂಗಳ ಕೊನೆಯ ಲೆಕ್ಕದ ದಿನ ಹೋಗಬೇಡಿ. ಬಿಡುವಿನ ಹೊತ್ತು ನೋಡಿ, ಕೂತು ಮಾತಾಡಲು ಹತ್ತು ನಿಮಿಷ ಕೇಳಿ. ಆಮೇಲೆ ಸುತ್ತಿ ಬಳಸದೆ ಹೇಳಿ:

"ಸರ್, ನನಗ ಕೆಲಸ ಕೊಟ್ರಿ, ಕಲಿಸಿದ್ರಿ. ಆದ್ರ ಈ ಕೆಲಸ ನನಗ ಹೊಂದಾಂಗಿಲ್ಲ ಅನ್ನೋದು ಗೊತ್ತಾಗೇತ್ರಿ. ತಡ ಮಾಡಿದ್ರ ನಿಮಗೂ ತ್ರಾಸು. ಯಾವತ್ತಿನ ತನಕ ಬರ್ಲಿ ಹೇಳ್ರಿ, ಅಲ್ಲಿ ತನಕ ಬರ್ತೀನಿ."

ಇಷ್ಟೇ. ಕೊನೆಯ ವಾಕ್ಯ ಬಿಡಬೇಡಿ. ಕೇಳುವವರ ತಲೆಯಲ್ಲಿ ಆ ಹೊತ್ತಿಗೆ ಓಡುತ್ತಿರೋದು "ನಾಳೆ ಈ ಜಾಗಕ್ಕೆ ಯಾರು?" ಅನ್ನೋ ಚಿಂತೆ. ನೀವೇ ಆ ಮಾತು ಎತ್ತಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಬೈದರೆ ಬೈಸಿಕೊಳ್ಳಿ. ಎರಡು ನಿಮಿಷದ ಮಾತದು.

ನಿಜವಾದ ಕಾರಣ ಹೇಳಬೇಕಾ? ಅಮ್ಮನಿಗೆ ಹುಷಾರಿಲ್ಲ ಅಂದರೆ ಸಾಕಲ್ವಾ?

ದಯವಿಟ್ಟು ಮನೆಯವರ ಮೇಲೆ ಕಾಯಿಲೆ ಹೊರಿಸಬೇಡಿ. ನಮ್ಮ ಕಡೆ ಜನ ಅಂಥ ಸುದ್ದಿ ಕೇಳಿ ಸುಮ್ಮನಿರೋದಿಲ್ಲ, ಹಣ್ಣು ಹಿಡಿದು ನೋಡಲು ಬರುತ್ತಾರೆ. ಸುಳ್ಳು ಹೇಳಬೇಡಿ ಅಂದರೆ ಎಲ್ಲವನ್ನೂ ಬಿಚ್ಚಿಡಿ ಅಂತಲ್ಲ. "ಬೇರೆ ಕಡೆ ನನ್ನ ಓದಿಗೆ ಹತ್ತಿರದ ಕೆಲಸ ಸಿಕ್ಕಿದೆ" ಅಂದರೆ ಸಾಕು, ಎಲ್ಲಿ, ಎಷ್ಟು ಸಂಬಳ ಅಂತ ಹೇಳಬೇಕಾಗಿಲ್ಲ. ಸಾಹೇಬರ ಬಾಯಿ ಸರಿ ಇಲ್ಲ ಅನ್ನೋದೇ ಕಾರಣವಾದರೆ ಅದನ್ನು ರಾಜೀನಾಮೆಯಲ್ಲಿ ಬರೆಯಬೇಡಿ. ಎಚ್‌ಆರ್ ಕರೆದು ಕೇಳಿದರೆ ಏನು ನಡೆಯಿತೋ ಅಷ್ಟನ್ನು, ದಿನ ಸಮೇತ ಹೇಳಿ.

ಮಾವ ಹೇಳಿ ಕೊಡಿಸಿದ ಕೆಲಸ. ಬಿಟ್ಟರೆ ಅವರ ಮರ್ಯಾದೆ ಹೋಗುತ್ತೆ.

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಕಷ್ಟದ್ದೂ ಇದೇ. ಕೊಪ್ಪಳ, ಬಳ್ಳಾರಿ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಕೆಲಸ ಜಾಹೀರಾತು ನೋಡಿ ಸಿಗೋದಕ್ಕಿಂತ ಬಾಯಿಮಾತಿನಲ್ಲಿ ಸಿಗೋದು ಜಾಸ್ತಿ. ಮಾವನೋ ಕಾಕಾನೋ ಯಾರನ್ನೋ ಹಿಡಿದು, "ನಮ್ಮ ಹುಡುಗ ಅದಾನ, ಚಲೋ ಅದಾನ" ಅಂದಿರುತ್ತಾರೆ. ಆ ಮಾತಿಗೆ ಬೆಲೆ ಇದೆ. ಆದರೆ ನೀವು ಕೆಲಸ ಬಿಟ್ಟಿದ್ದರಿಂದ ಅವರ ಮರ್ಯಾದೆ ಹೋಗೋದಿಲ್ಲ. ನೀವು ಬಿಟ್ಟ ಸುದ್ದಿ ಅವರಿಗೆ ಬೇರೆಯವರಿಂದ ತಿಳಿದರೆ ಹೋಗುತ್ತದೆ.

ಅದಕ್ಕೆ ಇಲ್ಲಿ ಕ್ರಮ ತಿರುಗುಮುರುಗು. ಮೊದಲು ಮಾವನ ಮನೆಗೆ ಹೋಗಿ. ಫೋನ್ ಬೇಡ. ಊಟದ ಹೊತ್ತಿಗೆ ಹೋಗಬೇಡಿ, ಅತ್ತೆ, ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಮಾತಿಗೆ ಸೇರುತ್ತಾರೆ. ಬೆಳಿಗ್ಗೆ ಚಹಾದ ಹೊತ್ತು ಒಳ್ಳೆಯದು. "ಮಾವ, ನೀವು ಮಾಡಿದ್ದು ಸಣ್ಣ ಉಪಕಾರ ಅಲ್ಲ. ನಾನೇ ಹೊಂದಿಕೊಳ್ಳಲಿಕ್ಕೆ ಆಗವಲ್ದು. ಅವರಿಗೆ ಹೇಳೋಕ್ಕಿಂತ ಮೊದಲ ನಿಮಗ ಹೇಳಾಕ ಬಂದೆ" ಅನ್ನಿ. ಬಿಡಲೋ ಬೇಡವೋ ಅಂತ ಅಪ್ಪಣೆ ಕೇಳುವ ಧಾಟಿ ಬೇಡ. ನಿಮ್ಮ ಮನಸ್ಸು ಗಟ್ಟಿಯಾಗಿದೆ ಅಂತ ಗೊತ್ತಾಗಲಿ. ಆಮೇಲೆ ಕೇಳಿ, "ಅವರಿಗೆ ನೀವು ಒಂದು ಮಾತು ಮೊದಲು ಹೇಳ್ತೀರೋ, ನಾನೇ ಹೇಳ್ಲೋ?" ಬಹಳ ಜನ ಮಾವಂದಿರು "ನೀನೇ ಹೇಳು, ನಾನು ಸಂಜೀಕ ಫೋನ್ ಮಾಡ್ತೀನಿ" ಅಂತಾರೆ.

ಕೊಡಿಸಿದವರು ಒಂದು ವಾರ ಮುನಿಸಿಕೊಳ್ಳಬಹುದು. ಆ ವಾರ ನೀವು ಆಫೀಸಿಗೆ ಸರಿಯಾಗಿ ಹೋಗಿ, ಒಪ್ಪಿಸೋದನ್ನು ಒಪ್ಪಿಸಿ ಬಂದರೆ, ಮಾಲೀಕರೇ ಅವರಿಗೆ "ನಿಮ್ಮ ಹುಡುಗ ಹೋದರೂ ನೀಟಾಗಿ ಹೋದ" ಅಂತಾರೆ. ಅಂಥ ಫೋನ್ ನಾನೇ ಮಾಡಿದ್ದೇನೆ, ಒಂದಲ್ಲ, ಹಲವು.

ಸಂಬಳ ಜಾಸ್ತಿ ಮಾಡ್ತೀವಿ, ಇರು ಅಂದರೆ?

ಸಂಬಳಕ್ಕಾಗಿಯೇ ಬಿಡುತ್ತಿದ್ದರೆ ಬರವಣಿಗೆಯಲ್ಲಿ ಕೇಳಿ, ಯೋಚಿಸಿ. ಬೇರೆ ಕಾರಣವಿದ್ದರೆ ಅದು ಹೆಚ್ಚಿದ ಸಂಬಳದಲ್ಲೂ ಹಾಗೇ ಇರುತ್ತದೆ.

## ಬರೆದು ಕೊಡುವುದು, ನೋಟಿಸ್

ರಾಜೀನಾಮೆ ಪತ್ರ ಹೇಗೆ ಬರೀಬೇಕು? ವಾಟ್ಸಾಪ್ ನಡೆಯುತ್ತಾ?

ವಾಟ್ಸಾಪ್ ಒಂದರಲ್ಲೇ ಮುಗಿಸಬೇಡಿ. ಇಮೇಲ್ ಇರುವ ಕಡೆ ಇಮೇಲ್ ಮಾಡಿ, ನಿಮ್ಮ ಸ್ವಂತ ಇಮೇಲಿಗೂ ಒಂದು ಪ್ರತಿ ಹಾಕಿಕೊಳ್ಳಿ. ಆಫೀಸಿನ ಇಮೇಲ್ ನಾಳೆ ಬಂದ್ ಆಗಬಹುದು. ಗಿರಣಿ, ದಲಾಲಿ ಅಂಗಡಿ, ಸಣ್ಣ ಶಾಲೆಗಳಲ್ಲಿ ಕಾಗದವೇ ಸರಿ. ಎರಡು ಪ್ರತಿ ಮಾಡಿ. ಒಂದರ ಮೇಲೆ "ಸ್ವೀಕರಿಸಿದೆ" ಅಂತ ಸಹಿ, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ತೆಗೆದುಕೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಪತ್ರ ಇಷ್ಟಿದ್ದರೆ ಸಾಕು:

"ಮಾನ್ಯರೇ, ನಾನು ಈ ತಿಂಗಳ 3ರಂದು ತಮ್ಮಲ್ಲಿ ಲೆಕ್ಕ ಸಹಾಯಕಿಯಾಗಿ ಸೇರಿದ್ದೇನೆ. ವೈಯಕ್ತಿಕ ಕಾರಣದಿಂದ ಕೆಲಸ ಮುಂದುವರಿಸಲು ಆಗುತ್ತಿಲ್ಲ. ನೇಮಕ ಪತ್ರದಲ್ಲಿರುವಂತೆ 7 ದಿನ ಮುಂಚಿತವಾಗಿ ತಿಳಿಸುತ್ತಿದ್ದು, 25ನೇ ತಾರೀಖು ನನ್ನ ಕೊನೆಯ ದಿನವಾಗಿರುತ್ತದೆ. ಅಷ್ಟರೊಳಗೆ ನನ್ನ ವಶದಲ್ಲಿರುವ ಪುಸ್ತಕ, ಕೀಲಿಗಳನ್ನು ಒಪ್ಪಿಸುತ್ತೇನೆ. ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ."

ನೋಟಿಸ್ ಎಷ್ಟು ದಿನ? ಹೊಸಬರಿಗೂ ಒಂದು ತಿಂಗಳಾ?

ನಿಮ್ಮ ನೇಮಕ ಪತ್ರದಲ್ಲಿ ಏನಿದೆಯೋ ಅದು. ಪ್ರೊಬೇಷನ್‌ನಲ್ಲಿ ಇರುವವರಿಗೆ ಬೇರೆ ಸಾಲು ಇರುತ್ತದೆ, ಹುಡುಕಿ. 7 ದಿನ, 15 ದಿನ, ಕೆಲವು ಕಡೆ 30. ಅಷ್ಟು ದಿನ ಇರಲು ಆಗದಿದ್ದರೆ ಉಳಿದ ದಿನಗಳ ಸಂಬಳ ಕಟ್ಟಿ ಹೋಗಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. 18,000 ಸಂಬಳದವರು 15 ದಿನ ಕಡಿಮೆ ಮಾಡಿದರೆ ಸುಮಾರು 9,000. ಅದನ್ನು ಪೂರ್ತಿ ಸಂಬಳದ ಮೇಲೆ ಹಿಡಿಯುತ್ತಾರೋ ಮೂಲ ವೇತನದ ಮೇಲೋ ಕೇಳಿಕೊಳ್ಳಿ. ಬಾಯಿಬಿಟ್ಟು ಕೇಳಿದರೆ ಹೊಸಬರಿಗೆ ಇದನ್ನು ಬಿಟ್ಟುಕೊಡುವವರು ಬಹಳ ಜನ ಇದ್ದಾರೆ. ನೇಮಕ ಪತ್ರವನ್ನೇ ಕೊಟ್ಟಿಲ್ಲ ಅಂದರೆ ಒಂದು ವಾರ ಅಂತ ನೀವೇ ಹೇಳಿ, ಮಾತಿನಂತೆ ಬನ್ನಿ.

ಋತು ನೋಡಿ ಅನ್ನೋದು ನನ್ನ ಕಳಕಳಿಯ ಮಾತು. ಹತ್ತಿ ಬರುವ ಕಾಲದಲ್ಲಿ ಜಿನ್ನಿಂಗ್ ಮಿಲ್ಲಿನ ತೂಕದವರು, ಪರೀಕ್ಷೆ ಎದುರಿಗಿರುವಾಗ ಎಸ್‌ಎಸ್‌ಎಲ್‌ಸಿ ಗಣಿತದ ಮೇಷ್ಟ್ರು ಎದ್ದು ಹೋದರೆ ಪೆಟ್ಟು ಬೀಳೋದು ಮಾಲೀಕರಿಗಲ್ಲ, ರೈತರಿಗೆ, ಮಕ್ಕಳಿಗೆ. ಸಾಧ್ಯವಿದ್ದರೆ ಹತ್ತು ದಿನ ಹೆಚ್ಚು ಕೊಡಿ. ಎಷ್ಟು ಪಾಠ ಮುಗಿದಿದೆ ಅಂತ ಒಂದು ಹಾಳೆ ಬರೆದಿಡಿ.

ಗವಿಮಠದ ಜಾತ್ರೆಗೆ ಅಂತ ಊರಿಗೆ ಬಂದವನು ವಾಪಸ್ ಹೋಗಿಲ್ಲ. ಹನ್ನೆರಡು ದಿನ ಆಯ್ತು. ಈಗ ಏನು ಮಾಡಲಿ?

ಇವತ್ತೇ ಫೋನ್ ಮಾಡಿ. ನಾಳೆ ಅಂದರೆ ಇನ್ನೂ ಕಷ್ಟವಾಗುತ್ತದೆ, ನನಗೆ ಗೊತ್ತು. "ಹೇಳದೆ ಬಂದಿದ್ದು ನನ್ನ ತಪ್ಪು. ಮುಂದುವರಿಸಲು ಆಗೋದಿಲ್ಲ. ಸಾಮಾನು ಒಪ್ಪಿಸಿ, ಬರೆದು ಕೊಡಲು ಯಾವಾಗ ಬರಲಿ?" ಅನ್ನಿ. ನಾನು ಎಚ್‌ಆರ್‌ನಲ್ಲಿದ್ದಾಗ ಹೀಗೆ ಫೋನ್ ಮಾಡಿದವರ ಫೈಲನ್ನು ರಾಜೀನಾಮೆ ಅಂತಲೇ ಮುಗಿಸಿದ್ದೇನೆ. ಬಾರದ ದಿನಗಳ ಸಂಬಳ ಹೋಗುತ್ತದೆ, ಅದು ಸರಿಯೇ.

## ರೊಕ್ಕ, ಪಿಎಫ್, ಕಾಗದ

ಒಂಬತ್ತೇ ದಿನ ಮಾಡಿದ್ದೀನಿ. ಸಂಬಳ ಕೇಳಬಹುದಾ?

ಕೇಳಬಹುದು. ದುಡಿದ ದಿನದ ಕೂಲಿ ನಿಮ್ಮದು, ಒಂಬತ್ತಿರಲಿ ಒಂದಿರಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನಡೆಯೋದು ಬೇರೆ, ಬಹಳ ಕಡೆ ಮುಂದಿನ ಸಂಬಳದ ದಿನಕ್ಕೆ ಸೇರಿಸಿ ಫುಲ್ ಅಂಡ್ ಫೈನಲ್, ಅಂದರೆ ಕೊನೆಯ ಲೆಕ್ಕ, ಮಾಡುತ್ತಾರೆ. ಒಂದು ಸಲ ಮೆತ್ತಗೆ ಕೇಳಿ, ಆಮೇಲೆ ಬರೆದು ಕೇಳಿ, ಆಮೇಲೂ ಕೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.

ಹೆಲ್ಮೆಟ್, ಬೂಟು, ಗೇಟ್ ಪಾಸ್, ಸಿಮ್, ಲ್ಯಾಪ್‌ಟಾಪ್ ಎಲ್ಲ ಕೊಟ್ಟು ನೋ ಡ್ಯೂಸ್ (ಏನೂ ಬಾಕಿ ಇಲ್ಲ ಅನ್ನುವ) ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳಿ. ಸಂಬಳ ತಡೆಯಲು ಮೊದಲ ನೆಪ ಸಿಗೋದು ಅಲ್ಲೇ.

ಪಿಎಫ್ ಒಂದೇ ತಿಂಗಳು ಬಿದ್ದಿದೆ. ಅದನ್ನು ಹಾಗೇ ಬಿಡ್ಲಾ?

ಬಿಡಬೇಡಿ. ನಿಮ್ಮ ಯುಎಎನ್ ನಂಬರ್ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ನಂಬರ್) ಬರೆದಿಟ್ಟುಕೊಳ್ಳಿ, ಮುಂದಿನ ಕೆಲಸದಲ್ಲಿ ಅದನ್ನೇ ಕೊಟ್ಟು ಹಳೆ ದುಡ್ಡು ವರ್ಗ ಮಾಡಿಸಿಕೊಳ್ಳಿ. ತೊಡಕಾಗೋದು ದುಡ್ಡಿನಿಂದಲ್ಲ, ತಾರೀಖಿನಿಂದ. ಹಳೆ ಕಂಪನಿ ನೀವು ಬಿಟ್ಟ ದಿನಾಂಕ ಹಾಕದಿದ್ದರೆ, ದಾಖಲೆಯಲ್ಲಿ ನೀವು ಒಂದೇ ಹೊತ್ತಿಗೆ ಎರಡು ಕಡೆ ಕೆಲಸ ಮಾಡಿದಂತೆ ಕಾಣುತ್ತದೆ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ಪಿಎಫ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಹೊಸ ಸಂದರ್ಶನದಲ್ಲಿ ಈ ಹದಿನೈದು ದಿನದ ಕೆಲಸ ಹೇಳಬೇಕಾ?

ಬಯೋಡೇಟಾದಲ್ಲಿ ಬರೆಯಲೇಬೇಕು ಅಂತಿಲ್ಲ. ಆದರೆ ಕೇಳಿದರೆ ಮುಚ್ಚಿಡಬೇಡಿ, ಮೇಲೆ ಹೇಳಿದ ಪಿಎಫ್ ದಾಖಲೆಯಲ್ಲಿ ಅದು ಕಾಣುತ್ತದೆ. "ಸೇರಿದ್ದೆ, ಕೆಲಸ ಹೇಳಿದ್ದಕ್ಕಿಂತ ಬೇರೆ ಇತ್ತು, ನೋಟಿಸ್ ಕೊಟ್ಟು ಬಂದೆ" ಅಂದರೆ ಸಾಕು. ಹಳೆಯವರನ್ನು ಬೈಯಬೇಡಿ.

ಅಸಲಿ ಮಾರ್ಕ್ಸ್ ಕಾರ್ಡ್ ಅವರ ಹತ್ತಿರ ಇದೆ. ಕೊಡ್ತಾರಾ?

ರಾಜೀನಾಮೆ ಮಾತು ಎತ್ತುವ ಮೊದಲೇ ಅದನ್ನು ಕೇಳಿ ತೆಗೆದುಕೊಳ್ಳಿ. "ಬೇರೆ ಅರ್ಜಿಗೆ ಬೇಕು" ಅನ್ನೋದು ಸುಳ್ಳಲ್ಲ, ಮುಂದೆ ಬೇಕೇ ಬೇಕಲ್ವಾ. ಕೊಡದಿದ್ದರೆ ಯಾವ ಯಾವ ಕಾಗದ, ಎಷ್ಟನೇ ನಂಬರಿನದು ಅಂತ ರಾಜೀನಾಮೆಯಲ್ಲೇ ಪಟ್ಟಿ ಮಾಡಿ ವಾಪಸ್ ಕೇಳಿ. ಮುಂದಿನ ಸಲ ಜೆರಾಕ್ಸ್ ಕೊಡಿ, ಅಸಲಿಯನ್ನು ತೋರಿಸಿ ಚೀಲಕ್ಕೆ ಹಾಕಿಕೊಳ್ಳಿ.

## ತೊಡಕಿನವು

ಎರಡು ವರ್ಷದ ಬಾಂಡ್ ಬರೆದುಕೊಟ್ಟಿದ್ದೀನಿ. ಬಿಟ್ಟರೆ ಜೈಲಾ?

ಜೈಲಿಲ್ಲ. ಬಾಂಡ್ ಮುರಿಯೋದು ಸಿವಿಲ್ ವಿಷಯ, ದುಡ್ಡಿನ ಲೆಕ್ಕ. ಹಾಗಂತ ಬಾಂಡ್ ಬರೀ ಕಾಗದ ಅಂತ ತಿಳಿಯಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮೊದಲೇ ಬಿಟ್ಟ ಅಧಿಕಾರಿ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಸರ್ಕಾರಿ ಬ್ಯಾಂಕು ಒಬ್ಬರನ್ನು ನೇಮಿಸಲು ಮತ್ತೆ ಜಾಹೀರಾತು, ಆಯ್ಕೆ ಎಲ್ಲ ಮಾಡಬೇಕು ಅನ್ನೋದನ್ನು ಕೋರ್ಟ್ ಗಮನಿಸಿತು. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕೊಡಿಸೋದು ನ್ಯಾಯವಾದ ಪರಿಹಾರ, ಬಾಂಡ್‌ನಲ್ಲಿ ಬರೆದ ಮೊತ್ತ ಅದಕ್ಕೆ ಮೇಲ್ಮಿತಿ ಮಾತ್ರ. ನಿಮಗೆ ತರಬೇತಿ ನಿಜವಾಗಿ ಕೊಟ್ಟಿದ್ದಾರಾ, ಎಷ್ಟು ಖರ್ಚಾಗಿದೆ ಅಂತ ಕೇಳಿ ಮಾತಾಡಿ. ಎರಡು ವಾರದಲ್ಲಿ ಬಿಡುವವರು ಕಡಿಮೆಗೆ ಒಪ್ಪಂದ ಮಾಡಿಕೊಂಡದ್ದನ್ನು ಕಂಡಿದ್ದೇನೆ.

ಭಯಪಡಬೇಕಾದ್ದು ಬಾಂಡಿಗಲ್ಲ, ಸಹಿ ಮಾಡಿದ ಖಾಲಿ ಚೆಕ್ಕಿಗೆ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು. ಕೊಟ್ಟಿದ್ದರೆ ಚೆಕ್ ನಂಬರ್ ಬರೆದು, ಲಿಖಿತವಾಗಿ ವಾಪಸ್ ಕೇಳಿ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ವಕೀಲರ ನೆರವು ಉಚಿತ. ಫೋನ್ 15100.

ಜೀನ್ಸ್ ಘಟಕದಲ್ಲಿ ಮುಂಗಡ ತಗೊಂಡಿದ್ದೀನಿ. ತೀರೋ ತನಕ ಬಿಡಂಗಿಲ್ಲ ಅಂತಾರೆ.

ಮುಂಗಡ ಸಾಲ, ತೀರಿಸಬೇಕು. ಆದರೆ ಸಾಲ ತೀರುವ ತನಕ ಇಲ್ಲೇ ದುಡಿ ಅಂತ ಯಾರನ್ನೂ ಕಟ್ಟಿಹಾಕುವಂತಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅದನ್ನು ಅಪರಾಧ ಮಾಡಿದೆ. ಹೊಲಿದ ಪೀಸುಗಳ ಲೆಕ್ಕ ಕೂಡಿಸಿ, ಮುಂಗಡದಲ್ಲಿ ಮುರಿದು, ಉಳಿದದ್ದಕ್ಕೆ ತಿಂಗಳ ಕಂತು ಬರೆದುಕೊಡಿ. ಕೊಟ್ಟ ಪ್ರತಿ ಕಂತನ್ನೂ ಫೋನ್‌ಪೇಯಲ್ಲೇ ಕೊಡಿ, ಗುರುತು ಉಳಿಯುತ್ತದೆ. ಬೆದರಿಸಿದರೆ ತಹಶೀಲ್ದಾರರ ಕಚೇರಿಗೆ ಹೋಗಿ.

ನಾನು ಕಾಂಟ್ರಾಕ್ಟರ್ ಕೆಳಗೆ. ರಾಜೀನಾಮೆ ಯಾರಿಗೆ ಕೊಡಲಿ?

ಸಂಬಳ ಕೊಡುವ ಕಾಂಟ್ರಾಕ್ಟರ್‌ಗೆ. ದೊಡ್ಡ ಕಂಪನಿಯ ಹೆಸರು ಗೇಟಿನ ಮೇಲಿದ್ದರೂ ನಿಮ್ಮ ನೇಮಕ ಅವರದ್ದಲ್ಲ. ಕಂಪನಿಯ ಕಡೆ ನಿಮಗೆ ಕೆಲಸ ಹಚ್ಚುವ ಎಂಜಿನಿಯರ್‌ಗೆ ಬಾಯಿಮಾತಲ್ಲಿ ಹೇಳಿ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿರುವವರ ದಾರಿ ಬೇರೆ. ಅವರದ್ದು 1961ರ ಅಪ್ರೆಂಟಿಸ್ ಕಾಯ್ದೆಯ ಕರಾರು, ಮಧ್ಯದಲ್ಲಿ ಮುಗಿಸಲು ಅಪ್ರೆಂಟಿಸ್ ಸಲಹೆಗಾರರಿಗೆ ಅರ್ಜಿ ಹೋಗಬೇಕು. ತರಬೇತಿ ವಿಭಾಗದಲ್ಲಿ ಕೇಳಿ ಮಾಡಿಸಿ.

371ಜೆ (ಕಲ್ಯಾಣ ಕರ್ನಾಟಕದವರ) ಮೀಸಲಾತಿಯಲ್ಲಿ ಸರ್ಕಾರಿ ಕೆಲಸ ಬಂತು. ಮೊನ್ನೆ ಸೇರಿದ ಶಾಲೆ ಬಿಡಬೇಕು.

ಖಾಸಗಿ ಶಾಲೆಯವರು ಇದಕ್ಕೆ ಬೇಸರ ಪಡೋದಿಲ್ಲ, ಪೇಢೆ ಹಂಚಿ ಕಳಿಸಿದ್ದನ್ನೂ ನೋಡಿದ್ದೇನೆ. ಆದೇಶ ಕೈಗೆ ಬರುವ ತನಕ ರಾಜೀನಾಮೆ ಬೇಡ. ಆಯ್ಕೆ ಪಟ್ಟಿಯೇ ಆದೇಶವಲ್ಲ. ಈಗಾಗಲೇ ಸರ್ಕಾರಿ ಕೆಲಸದಲ್ಲಿದ್ದು ಇನ್ನೊಂದು ಸರ್ಕಾರಿ ಕೆಲಸಕ್ಕೆ ಹೋಗುವವರು ಮಾತ್ರ ಹುಷಾರು. ಇಲಾಖೆಯ ಅನುಮತಿ ಪಡೆದೇ ಅರ್ಜಿ ಹಾಕಿರಬೇಕು, ರಾಜೀನಾಮೆ ಅಂಗೀಕಾರ ಆಗುವ ತನಕ ಕುರ್ಚಿ ಬಿಡಬಾರದು.

ಅಲ್ಲಿ ಒಬ್ಬರ ವರ್ತನೆ ಸರಿ ಇಲ್ಲ. ಹೆಣ್ಣುಮಗಳು ನಾನು. ನೋಟಿಸ್ ಮುಗಿಸಲೇಬೇಕಾ?

ಬೇಡ. ಇಷ್ಟೊತ್ತು ಹೇಳಿದ ಮರ್ಯಾದೆ, ಕ್ರಮ ಯಾವುದೂ ಇದಕ್ಕೆ ಅನ್ವಯಿಸೋದಿಲ್ಲ. ಮೊದಲು ಮನೆಗೆ ಬನ್ನಿ. ಮನೆಯಲ್ಲಿ ನಂಬುವ ಒಬ್ಬರಿಗೆ ಹೇಳಿ. ಬಂದ ಮೆಸೇಜು ಅಳಿಸಬೇಡಿ, ಏನು ನಡೆಯಿತು ಅಂತ ದಿನ, ಹೊತ್ತು ಹಾಕಿ ಬರೆದಿಡಿ. ಕೆಲಸ ಬಿಟ್ಟ ಮೇಲೂ ದೂರು ಕೊಡಬಹುದು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಇಲ್ಲದಿದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಿ.

ಅದೇ ಕಂಪನಿಗೆ ಮುಂದೆ ಮತ್ತೆ ಅರ್ಜಿ ಹಾಕಬಹುದಾ?

ಹಾಕಬಹುದು. ಹದಿನಾರು ದಿನಕ್ಕೆ ಬಿಟ್ಟಿದ್ದ ಸಿಂಧನೂರಿನ ಒಬ್ಬ ಹುಡುಗಿ ನಾಲ್ಕು ವರ್ಷದ ಮೇಲೆ ಮತ್ತೆ ನಮ್ಮಲ್ಲಿಗೆ ಸಂದರ್ಶನಕ್ಕೆ ಬಂದಳು. ಹಳೆ ಫೈಲ್ ತೆಗೆದೆ. ರಾಜೀನಾಮೆ ಪತ್ರ ಇತ್ತು. ಹಿಂದೆ ಅವಳ ಕೈಬರಹದ ಒಂದು ಹಾಳೆ ಪಿನ್ ಹಾಕಿತ್ತು: ಯಾವ ಬಿಲ್ಲು ಬಾಕಿ, ಯಾವ ಫೋಲ್ಡರ್‌ನಲ್ಲಿ ಏನಿದೆ, ಸ್ಟೋರ್ ರೂಮಿನ ಕೀಲಿ ಯಾರ ಕೈಗೆ ಕೊಟ್ಟೆ. ಆ ಹಾಳೆಯನ್ನು ಮ್ಯಾನೇಜರ್ ಕೈಗೆ ಕೊಟ್ಟೆ, ಅವರು ಓದಿ, ಯಾವತ್ತಿಂದ ಬರ್ತೀರಿ ಅಂತಷ್ಟೇ ಕೇಳಿದರು.